ಬಾತುಕೋಳಿ ಹಿಡಿಯ ಛತ್ರಿ

ಕಚೇರಿಯ ಗಾಜಿನ ಬಾಗಿಲನ್ನು ಅವನು ಆ ದಿನವೂ ತಳ್ಳಿದ. ಅದು ಪಕ್ಕಕ್ಕೆ ಎಳೆಯಬೇಕಾದ ಬಾಗಿಲು. 'ಎಳೆಯಿರಿ' ಎಂದು ಅದರ ಮೇಲೆ ಅಂಟಿಸಿಯೂ ಇದ್ದಾರೆ, ಆದರೆ ಆ ಅಗಲವಾದ ಹಿಡಿಯನ್ನು ಕಂಡರೆ ಅಂಗೈ ತಾನಾಗಿ ತಳ್ಳುವುದಕ್ಕೇ ಹೋಗುತ್ತದೆ. ಯಾವ ಫೋನಿನಲ್ಲಿ ತೆರೆದರೂ, ಯಾವ ಕಂಪ್ಯೂಟರಿನಲ್ಲಿ ತೆರೆದರೂ ಜನರ ಕೈಗೆ ಒಗ್ಗುವಂಥ ವೆಬ್‌ಸೈಟುಗಳನ್ನು ರೂಪಿಸುವುದೇ ಕಸುಬಾಗಿರುವ ಮನುಷ್ಯ, ದಿನಾ ಬೆಳಿಗ್ಗೆ ಸೆಕ್ಯೂರಿಟಿಯವನ ಎದುರಿಗೆ ಗಾಜಿಗೆ ಹಣೆ ತಾಗಿಸಿಕೊಂಡು, ಏನೂ ಆಗಿಲ್ಲವೆಂಬಂತೆ ಹಿಂದೆ ಸರಿದು, ಎಳೆದು, ಒಳಗೆ ಹೋಗುವುದು. ಸೆಕ್ಯೂರಿಟಿಯವನು ಸಭ್ಯ, ಆ ಗಳಿಗೆಯಲ್ಲಿ ಸರಿಯಾಗಿ ಆಕಾಶ ನೋಡುತ್ತಾನೆ. ಬಾಗಿಲಿನ ತಪ್ಪು, ಎಂದು ಅವನು ತನಗೆ ತಾನೇ ಹೇಳಿಕೊಂಡ. ಅವನ ಕಸುಬಿನ ಮೊದಲ ಪಾಠವೇ ಅದು: ತಪ್ಪು ಯಾವತ್ತೂ ಬಳಸುವವನದಲ್ಲ, ಮಾಡಿದವನದು. ಬೇರೆಯವರು ಮಾಡಿದ ವಸ್ತುಗಳ ಮಟ್ಟಿಗೆ ಈ ಪಾಠ ಅವನಿಗೆ ಬಹಳ ಹಿಡಿಸಿತ್ತು.

ಲಿಫ್ಟಿನಲ್ಲಿ ನಿಂತಾಗ ಬೆಳಗಿನ ಬಚ್ಚಲು ನೆನಪಾಯಿತು. ಹೊಸ ನಲ್ಲಿಯನ್ನು ಯಾವ ಕಡೆ ತಿರುಗಿಸಿದರೆ ಬಿಸಿನೀರು ಎಂಬುದು ಇನ್ನೂ ಇತ್ಯರ್ಥವಾಗಿರಲಿಲ್ಲ. ತಣ್ಣೀರು ನೆತ್ತಿಗೆ ಬಿದ್ದು, ಟವೆಲ್ ಸುತ್ತಿಕೊಂಡು ಹೊರಗೆ ಬಂದು, ಆ ನಲ್ಲಿಯನ್ನು ರೂಪಿಸಿದವನ ಬುದ್ಧಿಮಟ್ಟದ ಬಗ್ಗೆ ಅವನು ಮಾತಾಡುತ್ತಿದ್ದರೆ ಹೆಂಡತಿ, "ರೀ, ನಲ್ಲಿಗೆ ಪಾಠ ಆಮೇಲೆ ಹೇಳಿ, ಮೊದಲು ತಲೆ ಒರೆಸ್ಕೊಳ್ಳಿ," ಎಂದಿದ್ದಳು. ಆಮೇಲೆ ದನಿ ತಗ್ಗಿಸಿ, "ಅಪ್ಪ ಇವತ್ತು ಎಲ್ಲಿಗೋ ಹೊರಟಿದಾರಂತೆ. ಇಸ್ತ್ರಿ ಅಂಗಿ ತೆಗೆದಿಟ್ಕೊಂಡಿದಾರಂತೆ, ಅಮ್ಮ ಫೋನ್ ಮಾಡಿದ್ರು. ಎಲ್ಲಿಗೆ ಅಂದ್ರೆ ಬಾಯೇ ಬಿಡಲ್ವಂತೆ. ನೀವಾದ್ರೂ ಒಂದು ಮಾತು ಕೇಳಬಾರದಾ?" ಎಂದಳು. "ಕೇಳೋಕೆ ಅವರು ನನ್ನ ಹತ್ರ ಮಾತಾಡಿದ್ರೆ ತಾನೇ?" ಎಂದು ಅವನು ಹೇಳಿದ್ದ. ಹೇಳುವಾಗ ನಗುತ್ತಲೇ ಹೇಳಿದ್ದ. ಹೆಂಡತಿ ನಗಲಿಲ್ಲ.

ಮಾವ ಗಣಿತದ ಮೇಷ್ಟ್ರು, ನಿವೃತ್ತರಾದ ಮೇಲೂ. ಮಾತು ಮೊದಲಿನಿಂದಲೂ ಕಮ್ಮಿ, ಅಳಿಯನ ಕಚೇರಿ ಎಲ್ಲಿದೆ ಎಂದು ಕೂಡ ಕೇಳಿದವರಲ್ಲ. ಮದುವೆಯಾದ ಹೊಸದರಲ್ಲಿ ಅಕ್ಕಪಕ್ಕದವರು "ಅಳಿಯಂದ್ರಿಗೆ ಏನು ಕೆಲಸ?" ಎಂದು ಕೇಳಿದರೆ, "ಬಟನ್ ಮಾಡ್ತಾರೆ. ಅಂಗಿ ಮಾತ್ರ ಇರಲ್ಲ," ಎನ್ನುತ್ತಿದ್ದರು. ಆಗ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಈಗ ಆ ಮಾತನ್ನಾದರೂ ಒಂದು ಸಲ ಹೇಳಲಿ ಎಂದು ಜೀವ ಬಾಯಿಬಿಡುತ್ತಿದೆ. ಮಳೆಗಾಲದ ಆ ಭಾನುವಾರದಿಂದ ಅದೂ ನಿಂತುಹೋಗಿದೆ. ಅವನು ಮನೆಗೆ ಹೋದರೆ ಮಾವ ಪೇಪರ್ ಬಿಡಿಸಿ ಮುಖಕ್ಕೆ ಅಡ್ಡ ಹಿಡಿಯುತ್ತಾರೆ, ಇಲ್ಲವೇ ಏನೋ ನೆನಪಾದವರಂತೆ ಎದ್ದು ಹಿತ್ತಲಿಗೆ ಹೋಗುತ್ತಾರೆ. ಆ ಮನೆಯ ಹಿತ್ತಲಿನಲ್ಲಿ ನೆನಪಿಟ್ಟುಕೊಂಡು ಹೋಗುವಂಥದ್ದು ಏನೂ ಇಲ್ಲ, ಒಂದು ಬಟ್ಟೆ ಒಗೆಯುವ ಕಲ್ಲು ಬಿಟ್ಟರೆ. ಆ ಭಾನುವಾರ ನಾದಿನಿಯ ಮನೆಯಲ್ಲಿ ಎಲ್ಲರೂ ಸೇರಿದ್ದರು. ಮಾವ ತೊಟ್ಟಿಕ್ಕುವ ತಲೆಯಲ್ಲಿ ಒಳಗೆ ಬಂದರು. "ಏನ್ ಮಾವ, ಛತ್ರಿ ಎಲ್ಲಿ?" ಎಂದು ಅವನು ಕೇಳಿದ್ದ, ಕೇಳಬೇಕಲ್ಲ ಎಂದು. "ಮನೇಲಿದೆ. ಜೋಪಾನವಾಗಿ," ಎಂದು ಮಾವ ಗೋಡೆಗೆ ಉತ್ತರ ಕೊಟ್ಟು ಕೂತರು. ಆಮೇಲೆ ಯಾರದೋ ಫೋಟೋ ನೋಡಲು ಫೋನನ್ನು ಕಣ್ಣಿನ ಹತ್ತಿರ, ದೂರ, ಮತ್ತೆ ಹತ್ತಿರ ಹಿಡಿದು ಒದ್ದಾಡುತ್ತಿದ್ದರು. ಅವನಿಗೆ ತಡೆಯಲಾಗಲಿಲ್ಲ. "ಕೊಡಿ ಇಲ್ಲಿ" ಎಂದು ಫೋನನ್ನು ಅವರ ಕೈಯಿಂದ ಕಿತ್ತುಕೊಂಡೇ ಬಿಟ್ಟ. "ಕಣ್ಣು ಕಾಣಲ್ಲ ಅಂತ ಹೇಳಬಾರದಾ ಮಾವ," ಎಂದು ನಾಲ್ಕು ಜನರ ಎದುರಿಗೆ ಅಕ್ಷರಗಳನ್ನೆಲ್ಲ ದಪ್ಪದಪ್ಪ ಮಾಡಿ, "ತಗೊಳ್ಳಿ, ಈಗ ರಸ್ತೆಯಾಚೆಯಿಂದಲೂ ಓದಬಹುದು," ಎಂದು ವಾಪಸ್ ಕೊಟ್ಟ. ಎಲ್ಲರೂ ನಕ್ಕರು. ನಗಲಿ ಎಂದೇ ಅವನು ಹೇಳಿದ್ದು. ಮಾವ ಫೋನನ್ನು ಜೇಬಿಗಿಟ್ಟುಕೊಂಡರು.

ಮೇಲಿನ ಮಹಡಿಯಲ್ಲಿ ಅವತ್ತು ಪರೀಕ್ಷೆಯ ದಿನ. ನಗರದ ಬಸ್ಸುಗಳಲ್ಲಿ ಜನ ಬಿಟ್ಟುಹೋಗುವ ಸಾಮಾನುಗಳಿಗೆಂದೇ ಒಂದು ಕೌಂಟರ್ ಇದೆ. ಅಲ್ಲಿ ಸಾಲು ನಿಲ್ಲುವುದು ತಪ್ಪಲಿ ಎಂದು ಸಾರಿಗೆಯವರು ಒಂದು ವೆಬ್‌ಸೈಟ್ ಕೇಳಿದ್ದರು. ಅವನು ಅದನ್ನು ಮಗುವಿಗೆ ಜಡೆ ಹಾಕುವಷ್ಟು ಪ್ರೀತಿಯಿಂದ ಮಾಡಿದ್ದ. ಒಂದು ಪರದೆ, ಒಂದು ಕೆಲಸ. ಇದು ಅವನ ಮಂತ್ರ. ಪುಟವನ್ನು ಬೆರಳಿನಿಂದ ಮೇಲಕ್ಕೆಳೆದು ಕೆಳಕ್ಕೆಳೆದು ಹುಡುಕಾಡಬೇಕಿಲ್ಲ. ಪುಟ ಪರದೆಯ ಅಳತೆಗೆ ತಾನೇ ಕೂತುಕೊಳ್ಳುತ್ತದೆ, ಕೆಳತುದಿಯಲ್ಲಿ ಹೆಬ್ಬೆರಳಿಗೆ ಸಿಗುವಂತೆ 'ಮುಂದೆ' ಎಂಬ ಹಸಿರು ಬಟನ್. ಕಚೇರಿಯ ಡ್ರಾಯರ್ ಒಂದರಲ್ಲಿ ಇಂಥ ಪ್ರಯೋಗಕ್ಕೆಂದೇ ಕೂಡಿಹಾಕಿದ ಫೋನುಗಳಿವೆ, ಗಾಜು ಬಿರಿದವು, ಬ್ಯಾಟರಿ ಉಬ್ಬಿದವು, ಅಂಗೈಯಗಲದವು, ಹಲಗೆಯಗಲದವು. ಎಲ್ಲದರಲ್ಲೂ ಅವನು ತೆರೆದು ನೋಡಿದ್ದ. ಎಲ್ಲದರಲ್ಲೂ ಬಟನ್ ಜಾಗದಲ್ಲಿ ಭದ್ರವಾಗಿ ಕೂತಿತ್ತು. ಪರೀಕ್ಷೆ ನಡೆಸುವ ಸಹೋದ್ಯೋಗಿಯನ್ನು ಎಲ್ಲರೂ ಪ್ರಶ್ನೆಯಮ್ಮ ಎನ್ನುತ್ತಿದ್ದರು. ಅವಳಿಗೆ ಮಾತ್ರ ಆ ಡ್ರಾಯರ್ ಮೇಲೆ ನಂಬಿಕೆಯಿಲ್ಲ. "ಜನ ಅವರವರ ಫೋನ್ ತರಲಿ. ಅದೇ ಕೌಂಟರಿಗೆ ಬರೋ ಜನ," ಎಂದು ಹಟ ಹಿಡಿದು ಕೌಂಟರಿನವರಿಂದಲೇ ಆರಿಸಿ ಕರೆಸಿದ್ದಳು. ಬಂದವರಿಗೆ ಹೆಸರಿಲ್ಲ, ಬರೀ ಸಂಖ್ಯೆ. ಅವಳ ನಿಯಮ ಒಂದೇ: ಅವರು ಎಷ್ಟೇ ಒದ್ದಾಡಿದರೂ ಯಾರೂ ಸಹಾಯಕ್ಕೆ ಹೋಗಬಾರದು. ಪಕ್ಕದ ಕೋಣೆಯಲ್ಲಿ ಕೂತು, ತೆರೆಯ ಮೇಲೆ ಅವರ ಮುಖವನ್ನೂ ಬೆರಳನ್ನೂ ನೋಡುತ್ತ, ತುಟಿ ಕಚ್ಚಿಕೊಂಡಿರಬೇಕು.

ಮೊದಲಿನವರೆಲ್ಲ ಸಲೀಸಾಗಿ ದಾಟಿಹೋದರು. ಪಕ್ಕದಲ್ಲಿ ಕೂತಿದ್ದ ಮ್ಯಾನೇಜರ್ ಬಿಸ್ಕತ್ತು ತಿನ್ನುತ್ತ, "ಭೇಷ್! ಇನ್ನೊಬ್ಬರು ಬಂದು ಹೋದ್ರೆ ಮುಗೀತು," ಎಂದ. ಅವನೂ ಕುರ್ಚಿಯಲ್ಲಿ ಸ್ವಲ್ಪ ಜಾರಿ ಕೂತ. ಆಗ ತೆರೆಯ ಮೇಲೆ, ಇಸ್ತ್ರಿ ಮಾಡಿದ ಅಂಗಿಯಲ್ಲಿ, ಕುರ್ಚಿಯ ತುದಿಯಲ್ಲಿ, ಪರೀಕ್ಷೆಗೆ ಕೂತ ಹುಡುಗನಂತೆ ಬೆನ್ನು ನೆಟ್ಟಗೆ ಮಾಡಿಕೊಂಡು ಮಾವ ಕಾಣಿಸಿದರು.

ಏಳಬೇಕಿತ್ತು. ಇವರು ನನ್ನ ಮಾವ, ನಾನು ನೋಡುವುದು ಸರಿಯಲ್ಲ ಎಂದು ಹೇಳಿ ಹೊರಗೆ ಹೋಗಬೇಕಿತ್ತು. ಬಾಯಿ ತೆರೆದ, ಅಷ್ಟರಲ್ಲಿ ಮ್ಯಾನೇಜರ್, "ಬಂದರಪ್ಪ ತಾತ! ಇನ್ನು ಕತ್ತಲಾದ ಹಾಗೇ," ಎಂದು ನಕ್ಕುಬಿಟ್ಟ. ಆ ನಗೆಗೆ ಅವನೂ ಒಂದು ಸಣ್ಣ ನಗೆ ಸೇರಿಸಿದ. ಸೇರಿಸಿದ ಮೇಲೆ ಇವರು ನನ್ನ ಮಾವ ಎನ್ನುವುದು ಹೇಗೆ? ಅರ್ಧ ನಗೆ ಮುಖದ ಮೇಲೇ ಒಣಗಿಕೊಂಡು ಉಳಿಯಿತು.

"ಸಾರ್, ಇದು ನಿಮ್ಮ ಪರೀಕ್ಷೆ ಅಲ್ಲ, ಪುಟದ ಪರೀಕ್ಷೆ," ಎಂದು ಪ್ರಶ್ನೆಯಮ್ಮ ಮಾಮೂಲಿ ಮಾತು ಶುರುಮಾಡಿದಳು. "ಮನಸ್ಸಿಗೆ ಏನು ಬರುತ್ತೋ ಅದನ್ನೆಲ್ಲ ಬಾಯಿಬಿಟ್ಟು ಹೇಳ್ತಾ ಹೋಗಿ. ಇದನ್ನ ಮಾಡಿದವರು ಪಕ್ಕದ ಕೋಣೇಲಿ ಕೂತು ನೋಡ್ತಿರ್ತಾರೆ. ಅಭ್ಯಂತರ ಇಲ್ಲ ತಾನೇ?"

"ಇಡೀ ಆಯಸ್ಸು ಮಕ್ಕಳಿಗೆ ಅದನ್ನೇ ಹೇಳಿದೀನಮ್ಮ. ಮನಸ್ಸಲ್ಲೇ ಮಾಡಬೇಡ, ಒಂದೊಂದು ಹಂತಾನೂ ಬಾಯಲ್ಲಿ ಹೇಳು ಅಂತ. ಈಗ ನನ್ನ ಸರದಿ ಬಂತು."

"ನಿಜವಾಗ್ಲೂ ಬಸ್ಸಲ್ಲಿ ಏನಾದ್ರೂ ಕಳ್ಕೊಂಡಿದ್ರಾ?"

"ಛತ್ರಿ," ಎಂದರು ಮಾವ, ತೀರಿಕೊಂಡವರ ಹೆಸರು ಹೇಳುವಂತೆ.

ಯಾವ ಛತ್ರಿ? ಅವನು ಕೊಟ್ಟದ್ದಂತೂ ಅಲ್ಲ, ಅದು ಮನೆಯಲ್ಲಿ ಜೋಪಾನವಾಗಿದೆ. ಮುಚ್ಚಿಹೋಗುತ್ತಿದ್ದ ಅಂಗಡಿಯೊಂದರಲ್ಲಿ ಅದು ಸಿಕ್ಕಿತ್ತು, ಇದ್ದದ್ದು ಒಂದೇ. ಮರದ ಹಿಡಿ, ಹಿಡಿಯ ಕೊನೆಗೆ ಕೆತ್ತಿದ ಬಾತುಕೋಳಿಯ ತಲೆ. ಅಂಗಡಿಯವನು ಅದನ್ನು ತಿರುಗಿಸಿ ಹಿಡಿದದ್ದು ಯಾಕೆಂದು ಮನೆಗೆ ಬಂದ ಮೇಲೆ ಗೊತ್ತಾಯಿತು: ಒಂದು ಕಣ್ಣಿನ ಬಣ್ಣ ಹೋಗಿತ್ತು. ಕೊಟ್ಟಾಗ ಮಾವ ಬಹಳ ಹೊತ್ತು ಬಾತುಕೋಳಿಯನ್ನು ನೋಡಿ, "ಒಂದು ಕಣ್ಣಿಲ್ಲ," ಎಂದರು. ಅವನ ಮುಖ ಸಪ್ಪಗಾದದ್ದು ಕಂಡಿತೇನೋ, "ಪರವಾಗಿಲ್ಲ ಬಿಡಿ. ಛತ್ರಿಗೆ ದಾರಿ ನೋಡೋ ಕೆಲಸ ಇಲ್ಲ," ಎಂದು ಸೇರಿಸಿದರು. ಮಾವ ಇದುವರೆಗೆ ಅವನಿಗೆ ಆಡಿದ ಅತ್ಯಂತ ಅಕ್ಕರೆಯ ಮಾತು ಅದು. ಆ ಛತ್ರಿ ಹಿಡಿದು ಅವರು ಬಿಸಿಲಲ್ಲೂ ಓಡಾಡುತ್ತಿದ್ದರೆಂದು ಹೆಂಡತಿ ಹೇಳಿದ್ದಳು. ಅವನು ನಂಬಿರಲಿಲ್ಲ.

ತೆರೆಯ ಮೇಲೆ ಮಾವನ ಬೆರಳು ಇಳಿಯಿತು. "ಯಾವ ಬಸ್ಸು... ಒತ್ತಿದೆ. ಸರಿ. ಸುಲಭವಾಗೇ ಇದೆ. ಯಾರೋ ಬುದ್ಧಿ ಓಡಿಸಿ ಮಾಡಿದಾರೆ." ಅವನಿಗೆ ಕಿವಿ ಬೆಚ್ಚಗಾಯಿತು. ನನ್ನನ್ನೇ, ನನ್ನನ್ನೇ ಹೊಗಳುತ್ತಿದ್ದಾರೆ! ಗೊತ್ತಿಲ್ಲದೆ ಹೊಗಳಿದ್ದಕ್ಕೇ ಎದೆ ಇಷ್ಟು ಉಬ್ಬಬೇಕೇ ಎಂದು ನಾಚಿಕೆಯೂ ಆಯಿತು. ಬಸ್ಸನ್ನು ಒತ್ತಿದ್ದಕ್ಕೇ ಮುಂದಿನ ಪುಟ ತೆರೆಯಿತು. ಅಲ್ಲಿ ಕಳೆದ ವಸ್ತುವಿನ ವಿವರ ಬರೆಯಬೇಕು. ಮಾವ ಫೋನನ್ನು ಹತ್ತಿರ ತಂದರು. ಕಣ್ಣು ಅಗಲವಾದವು.

"ಅಯ್ಯೋ! ಸಿಕ್ಕಿದೆ! ಸಿಕ್ಕೇಬಿಟ್ಟಿದೆ ಕಣಮ್ಮಾ!"

ಕುರ್ಚಿ ಹಿಂದಕ್ಕೆ ಸರಿದ ಸದ್ದು. ಮಾವ ಎದ್ದು ನಿಂತು ಓದುತ್ತಿದ್ದರು, ಒಂದೊಂದೇ ಪದವನ್ನು ಮುಟ್ಟಿ ನೋಡುವಂತೆ: "ಕಪ್ಪು ಛತ್ರಿ. ಮರದ ಹಿಡಿ. ಬಾತುಕೋಳಿ ತಲೆ. ಒಂದು ಕಣ್ಣಿನ ಬಣ್ಣ ಹೋಗಿದೆ."

ಗೋಡೆಯ ಈಚೆ ಅವನು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. ಆ ಸಾಲು ಅವನದೇ. ಪುಟದಲ್ಲಿ ಬರೆಯಲೆಂದು ಬಿಟ್ಟ ಖಾಲಿ ಡಬ್ಬಿಯ ಮುಂದೆ ಜನ ಏನು ಬರೆಯಬೇಕೆಂದು ತಿಳಿಯದೆ ಕೂರುತ್ತಾರೆ, ಅದಕ್ಕೆ ಡಬ್ಬಿಯೊಳಗೆ ತಿಳಿಬೂದು ಬಣ್ಣದಲ್ಲಿ ಒಂದು ಮಾದರಿ ಸಾಲು ಇಡುವುದು ವಾಡಿಕೆ. ಬೆರಳು ತಾಗಿದ ಕೂಡಲೆ ಅದು ಅಳಿಸಿಹೋಗಿ ಜಾಗ ಬಿಡುತ್ತದೆ, ಬರೆದದ್ದನ್ನು ಅಳಿಸಿದರೆ ಮರಳಿ ಬರುತ್ತದೆ. ಒಂದು ಮಧ್ಯಾಹ್ನ, ಊಟದ ಮಂಪರಿನಲ್ಲಿ, ಕಳೆದುಹೋಗಬಹುದಾದ ಒಂದು ವಸ್ತು ಯಾವುದೆಂದು ಯೋಚಿಸಿದಾಗ ಯಾಕೋ ಆ ಬಾತುಕೋಳಿಯೇ ಕತ್ತು ಚಾಚಿ ಬಂತು. ಟೈಪು ಮಾಡಿ ಕಾಫಿಗೆ ಎದ್ದುಹೋಗಿದ್ದ. ಮಾದರಿಯನ್ನೇ ಜನ ನಿಜವೆಂದು ತಿಳಿಯಬಹುದು ಎಂಬುದು ಅವನ ಕಸುಬಿನವರಿಗೆಲ್ಲ ಗೊತ್ತಿರುವ ಮಾತು. ಅವನಿಗೂ ಗೊತ್ತಿತ್ತು. ಬೇರೆಯವರ ಪುಟದಲ್ಲಾದರೆ ತಕ್ಷಣ ಹಿಡಿಯುತ್ತಿದ್ದ.

"ಇದು ನಮ್ಮ ಅಳಿಯಂದ್ರು ಕೊಟ್ಟಿದ್ದಮ್ಮಾ," ಮಾವನ ಬಾಯಿಗೆ ಈಗ ಕಟ್ಟೆಯೊಡೆದಿತ್ತು. "ಬಸ್ಸಲ್ಲಿ ಬಿಟ್ಟು ಇಳಿದ್ಬಿಟ್ಟೆ. ಎಲ್ಲರ ಎದುರಿಗೆ ಅವರು ಕೇಳಿದ್ರು, ಛತ್ರಿ ಎಲ್ಲಿ ಮಾವ ಅಂತ. ಮನೇಲಿದೆ ಅಂದೆ. ಸುಳ್ಳು! ಈ ವಯಸ್ಸಲ್ಲಿ! ಸುಳ್ಳು ಹೇಳಿದ ಮಕ್ಕಳನ್ನ ಬೆಂಚಿನ ಮೇಲೆ ನಿಲ್ಲಿಸಿದವನು ನಾನು. ಅವತ್ತಿಂದ ಅವರ ಮುಖ ನೋಡೋಕಾಗ್ತಿಲ್ಲ. ಮಾತು ಶುರುವಾದ್ರೆ ಎಲ್ಲಿ ಛತ್ರಿಗೆ ಬಂದು ನಿಲ್ಲುತ್ತೋ ಅಂತ ಭಯ. ಅವರು ಬಂದ್ರು ಅಂದ್ರೆ ಪೇಪರ್ ಅಡ್ಡ ಹಿಡೀತೀನಿ, ಓದಿದ್ದನ್ನೇ ಓದ್ತೀನಿ. ಅದೂ ಸಾಲ್ದೆ ಹೋದ್ರೆ ಹಿತ್ತಲಿಗೆ ಹೋಗಿ ಒಗೆಯೋ ಕಲ್ಲಿನ ಮೇಲೆ ಕೂತಿರ್ತೀನಿ. ಕೌಂಟರಿಗೆ ಅಲೆದೂ ಅಲೆದೂ ಅಲ್ಲಿನವರಿಗೆಲ್ಲ ನೆಂಟನಾಗಿಬಿಟ್ಟಿದೀನಿ. ಅಂತೂ ಸಿಕ್ತಲ್ಲ, ದೊಡ್ಡದು!" ಎಂದು ಪ್ರೀತಿಯಿಂದ ಆ ಸಾಲನ್ನು ಮುಟ್ಟಿದರು.

ಸಾಲು ಮಾಯವಾಯಿತು.

ಮ್ಯಾನೇಜರ್ ಬಿಸ್ಕತ್ತು ನೆತ್ತಿಗೇರಿ ಕೆಮ್ಮುವಷ್ಟು ನಕ್ಕ. ಮಾವ ಖಾಲಿ ಡಬ್ಬಿಯನ್ನು ನೋಡುತ್ತ ಮೆಲ್ಲನೆ ಕೂತರು. "ನಾನು ಮುಟ್ಟಬಾರದಿತ್ತು," ಎಂದರು. "ನನ್ನದೇ ತಪ್ಪು. ಕೈಗೆ ಬಂದದ್ದನ್ನ ಮತ್ತೆ ಕಳ್ಕೊಂಡೆ." ಅವನಿಗೆ ಅಳು ಬಂದಂತಾಯಿತು, ನಗುವೂ ಬಂತು. ಇಷ್ಟು ದಿನ ಆ ಪೇಪರಿನ ಹಿಂದೆ ಇದ್ದದ್ದು ಕೋಪ ಎಂದುಕೊಂಡಿದ್ದ. ಅಲ್ಲಿ ಒಬ್ಬ ಮೇಷ್ಟ್ರು ಬೆಂಚಿನ ಮೇಲೆ ನಿಂತಿದ್ದರು!

ಪ್ರಶ್ನೆಯಮ್ಮ ನಿಯಮ ಬಿಡದವಳು. "ಈಗ ಏನು ಮಾಡಬೇಕು ಅನ್ಸುತ್ತೆ ಸಾರ್?" ಎಂದಷ್ಟೇ ಕೇಳಿದಳು. ಮಾವ ಕನ್ನಡಕ ಒರೆಸಿಕೊಂಡು, ಕಳೆದದ್ದರ ವಿವರವನ್ನು ತಾವೇ ಬರೆದರು. "ಬರೆದೆ. ಇನ್ನು ಇದನ್ನ ಕಳಿಸಬೇಕು. ಕಳಿಸೋದು ಎಲ್ಲಿ?" ಬೆರಳು ಪುಟದ ಮೇಲೆ ಅಲೆಯಿತು. ಮೇಲೆ, ಪಕ್ಕಕ್ಕೆ, ಕೆಳಕ್ಕೆ. ಬಟನ್ ಇರಲಿಲ್ಲ. ದಪ್ಪದಪ್ಪ ಅಕ್ಷರಗಳು ಒಂದನ್ನೊಂದು ತಳ್ಳಿಕೊಂಡು ಇಡೀ ಪರದೆಯನ್ನು ಆಕ್ರಮಿಸಿದ್ದವು. ಹಸಿರು ಬಟನ್ನನ್ನು ಅವು ಅಂಚಿನಾಚೆ ನೂಕಿಬಿಟ್ಟಿದ್ದವು. ಪುಟವನ್ನು ಎಳೆದು ನೋಡೋಣವೆಂದರೆ, ಎಳೆಯಬೇಕಾಗಬಾರದು ಎಂದು ಅವನೇ ಬಿಗಿದು ಕಟ್ಟಿಹಾಕಿದ್ದ. ಡ್ರಾಯರಿನ ಅಷ್ಟೂ ಫೋನುಗಳಲ್ಲಿ ಅಕ್ಷರ ಮಾಮೂಲಿ ಗಾತ್ರದ್ದು. ಅಕ್ಷರ ದೊಡ್ಡದು ಮಾಡಿ ನೋಡಬೇಕೆಂದು ಅವನಿಗೆ ಒಂದು ಸಲವೂ ಹೊಳೆದಿರಲಿಲ್ಲ.

"ಅಕ್ಷರ ನೋಡಯ್ಯ, ಗೋಡೆ ಬರಹ ಇದ್ದ ಹಾಗಿದೆ!" ಎಂದ ಮ್ಯಾನೇಜರ್. "ಯಾವ ಪುಣ್ಯಾತ್ಮ ಇದನ್ನ ಇಷ್ಟು ದೊಡ್ಡದು ಮಾಡಿಕೊಟ್ಟ?"

ಪುಣ್ಯಾತ್ಮ ಎದ್ದು ಬಾಗಿಲ ಬಳಿ ಹೋದ. ಹಿಡಿಯ ಮೇಲೆ ಕೈಯಿಟ್ಟ. ಒಳಗೆ ಹೋಗಿ, ಕೊಡಿ ಇಲ್ಲಿ ಮಾವ ಎಂದು ಫೋನ್ ತೆಗೆದುಕೊಂಡು ಕ್ಷಣದಲ್ಲಿ ಸರಿಮಾಡಿಬಿಡಬಹುದು. ಕೊಡಿ ಇಲ್ಲಿ! ಅವತ್ತೂ ಇದೇ ಕೈ, ಇದೇ ಅವಸರ. ಅವನು ವಾಪಸ್ ಬಂದು ಕೂತ, ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು. ಜೀವಮಾನದಲ್ಲಿ ಅಷ್ಟು ಕಷ್ಟಪಟ್ಟು ಅವನು ಸುಮ್ಮನಿದ್ದದ್ದಿಲ್ಲ.

"ಇರಲಿ. ಒಂದೊಂದೇ ಹಂತ ನೋಡೋಣ," ಎಂದರು ಮಾವ. ದನಿಯಲ್ಲಿ ಸೀಮೆಸುಣ್ಣದ ಪುಡಿ ಉದುರುತ್ತಿತ್ತು. ತಾವು ಬರೆದದ್ದನ್ನು ಅಳಿಸಿದರು. ಬೂದು ಸಾಲು ಬಂತು. ಅಕ್ಷರ ಒತ್ತಿದರು, ಹೋಯಿತು. ಅಳಿಸಿದರು, ಬಂತು. "ಬರೆದ್ರೆ ಹೋಗುತ್ತೆ, ಅಳಿಸಿದ್ರೆ ಬರುತ್ತೆ. ಅಂದ ಮೇಲೆ ಇದು ಸಿಕ್ಕಿದ ಛತ್ರಿ ಅಲ್ಲ. ಹೀಗೆ ಬರೀರಿ ಅಂತ ಯಾರೋ ತೋರಿಸಿರೋ ಮಾದರಿ. ಸರಿ. ಬರೆದವರು ಯಾರು? ಬಾತುಕೋಳಿಗೆ ಒಂದು ಕಣ್ಣಿನ ಬಣ್ಣ ಇಲ್ಲ ಅನ್ನೋದು ಗೊತ್ತಿರೋದು ನನಗೆ. ಇನ್ನೊಬ್ಬರು ಅಂದ್ರೆ..."

ಮಾವ ಪುಟವನ್ನೇ ನೋಡುತ್ತಿದ್ದರು. ಆಮೇಲೆ ಪುಟದಲ್ಲಿಲ್ಲದ ಬಟನ್ನಿನ ಜಾಗವನ್ನು. ಆಮೇಲೆ ನಿಧಾನವಾಗಿ ತಲೆಯೆತ್ತಿ ಗೋಡೆಯ ಮೂಲೆಯಲ್ಲಿದ್ದ ಕ್ಯಾಮೆರಾವನ್ನು ನೋಡಿದರು. ಈಚೆ ಅವನು ಕುರ್ಚಿಯಲ್ಲಿ ಕುಗ್ಗಿದ, ಅವರಿಗೆ ತಾನು ಕಾಣುವುದಿಲ್ಲವೆಂದು ಗೊತ್ತಿದ್ದರೂ. ಪಕ್ಕದಲ್ಲಿ ಒಂದು ಪೇಪರ್ ಇದ್ದಿದ್ದರೆ ಬಿಡಿಸಿ ಮುಖಕ್ಕೆ ಹಿಡಿದುಬಿಡುತ್ತಿದ್ದ.

"ಕೊನೇ ಪ್ರಶ್ನೆ ಸಾರ್," ಎಂದಳು ಪ್ರಶ್ನೆಯಮ್ಮ, ಎಲ್ಲರಿಗೂ ಕೇಳುವ ಹಾಗೆ. "ಇದನ್ನ ಮಾಡಿದವರಿಗೆ ಏನಾದ್ರೂ ಹೇಳೋದಿದ್ಯಾ?"

"ಇದೆ." ಮಾವ ಅಂಗಿಯ ಕಾಲರ್ ಸರಿಮಾಡಿಕೊಂಡರು. ಕ್ಯಾಮೆರಾದತ್ತ ತಿರುಗಿ, ತರಗತಿಯ ಕೊನೆಯ ಬೆಂಚಿಗೂ ಕೇಳುವಂತೆ ಹೇಳಿದರು: "ಅಳಿಯಂದ್ರೇ, ಛತ್ರಿ ನಾನು ಕಳೆದೆ. ಬಟನ್ ನೀವು ಕಳೆದಿದೀರಿ. ಇನ್ಮೇಲೆ ಯಾರೂ ಯಾರಿಗೂ ಮುಖ ಮರೆಸೋದು ಬೇಡ."

ಮ್ಯಾನೇಜರ್ ನಗು ನಿಲ್ಲಿಸಿ ಇವನ ಕಡೆ ತಿರುಗಿದ. "ನಮ್ಮ ಮಾವ," ಎಂದ ಅವನು. ಮೊದಲೇ ಹೇಳಬೇಕಿದ್ದ ಮಾತು ಈಗ ಹೆಮ್ಮೆಯಿಂದಲೇ ಹೊರಟಿತು. ಮ್ಯಾನೇಜರ್ ಬಿಸ್ಕತ್ತಿನ ಪೊಟ್ಟಣವನ್ನು ಮುಂದೆ ಚಾಚಿ, "ಅಕ್ಷರ ಚಿಕ್ಕದು ಮಾಡ್ಕೊಳ್ಳೋಕೆ ಹೇಳಿಬಿಡು, ಸರಿಹೋಗುತ್ತೆ," ಎಂದು ತೊದಲಿದ. ಅವನು ಆಗಲೇ ಕಾರಿಡಾರಿನಲ್ಲಿದ್ದ.

ಮಾವ ಲಿಫ್ಟ್ ಬಿಟ್ಟು ಮೆಟ್ಟಿಲಿಳಿದು ಗಾಜಿನ ಬಾಗಿಲವರೆಗೆ ಹೋಗಿಯಾಗಿತ್ತು. ಅವನು ಏದುಸಿರು ಬಿಡುತ್ತ ಎದುರಿಗೆ ನಿಂತ. ಬಾಯಿಗೆ ಬಂದದ್ದು ಅದೇ ಹಳೆಯ ಮಾತು, ಕೈಯೂ ಅದರ ಜೊತೆಗೇ ಚಾಚಿತು. "ಕೊಡಿ ಮಾವ, ಅಕ್ಷರ ಮೊದಲಿನ ಹಾಗೇ ಚಿಕ್ಕದು ಮಾಡಿಕೊಡ್ತೀನಿ. ಅವತ್ತು ನಾನು ಹಾಗೆ ಕಿತ್ಕೋಬಾರದಿತ್ತು."

ಮಾವ ಫೋನನ್ನು ಎದೆಗವಚಿಕೊಂಡರು. "ಮುಟ್ಟಬೇಡಿ! ಅವತ್ತಿಂದ ಎಲ್ಲಾ ಎಷ್ಟು ಚೆನ್ನಾಗಿ ಕಾಣ್ತಿದೆ. ಥ್ಯಾಂಕ್ಸ್ ಹೇಳಬೇಕು ಅಂತ ಎಷ್ಟು ಸಲ ಅಂದ್ಕೊಂಡೆ, ಹೇಳೋಕೆ ಮುಖ ಎಲ್ಲಿತ್ತು? ಅಕ್ಷರ ಹೀಗೇ ಇರಲಿ. ನಿಮ್ಮ ಪುಟ ಸರಿಮಾಡ್ಕೊಳ್ಳಿ."

ಹಾಗೆಂದು ತಿರುಗಿ, ಬಾಗಿಲನ್ನು ತಳ್ಳಿದರು. ಅದು ಅಲುಗಲಿಲ್ಲ. ಇನ್ನೊಮ್ಮೆ ತಳ್ಳಿದರು. ಅವನ ಕೈ ಎದ್ದಿತು. ಅವನು ಅದನ್ನು ಜೇಬಿಗೆ ತುರುಕಿ ಪಕ್ಕದಲ್ಲಿ ನಿಂತ. ಮಾವ ಹಿಂದೆ ಸರಿದು, ಕನ್ನಡಕ ಏರಿಸಿ, ಆ ಅಗಲವಾದ ಹಿಡಿಯನ್ನು ಮೇಲಿಂದ ಕೆಳಗಿನವರೆಗೆ ಪರೀಕ್ಷಿಸಿದರು. ಹೊರಗೆ ಸೆಕ್ಯೂರಿಟಿಯವನು ಆಕಾಶ ನೋಡುತ್ತಿದ್ದ.

"ಇದನ್ನೂ ನೀವೇ ಮಾಡಿದ್ದಾ?" ಎಂದು ಕೇಳಿದರು ಮಾವ.